ಕೈಮಾತಿನ ಸಾಕ್ಷ್ಯ

ಕಾನೂನು ಬಂದಮೇಲೆ ಅಯ್ಯೋ ಎನ್ನುವ ಬದಲು, ಅದು ಯಾರ ಮನೆಯಲ್ಲಿ ಯಾರನ್ನು ಅಳಿಸುತ್ತದೆ ಎಂದು ಬರುವ ಮುಂಚೆಯೇ ನೋಡಿಬಿಡುವಂತಿದ್ದರೆ? ಈ ಆಸೆ ಇಂದಿನದಲ್ಲ. ವರದಾ ನದಿಯ ದಂಡೆಗೆ ರಾಜಧಾನಿ ಬಂದು ನೆಲೆಸಿದ ಹದಿನೆಂಟನೆಯ ವರ್ಷಕ್ಕೆ ಅದು ಕೈಗೂಡಿತ್ತು. ವಿಧಾನಸಭೆಯ ನೆಲಮಾಳಿಗೆಯಲ್ಲಿ ಒಂದು ಯಂತ್ರ ಕೂತಿತ್ತು. ಕಾಗದದ ಮೇಲೆ ಅದರ ಹೆಸರು 'ಪೂರ್ವಪರಿಣಾಮ ಗಣಕ'. ಅಷ್ಟುದ್ದದ ಹೆಸರನ್ನು ಯಾರು ಹೇಳುತ್ತಾರೆ ಹೇಳಿ? ಮಂತ್ರಿಗಳಿಂದ ಹಿಡಿದು ಚಹಾ ತರುವ ಶಾಂತವ್ವನವರೆಗೆ ಎಲ್ಲರೂ ಅದನ್ನು 'ಜೋಯಿಸ' ಎನ್ನುತ್ತಿದ್ದರು.

ಜೋಯಿಸನ ಹೊಟ್ಟೆಯಲ್ಲಿ ರಾಜ್ಯದ ಒಬ್ಬೊಬ್ಬ ಪ್ರಜೆಗೂ ಒಂದೊಂದು ಗೊಂಬೆ. ಆಡುವ ಗೊಂಬೆಯಲ್ಲ, ಲೆಕ್ಕದ ಗೊಂಬೆ. ವಯಸ್ಸು, ಊರು, ಕೆಲಸ, ಕಾಯಿಲೆ, ಮಕ್ಕಳುಮರಿ ಎಲ್ಲವೂ ಅದರಲ್ಲಿ ಅಡಕ. ಒಂದು ವಿಧೇಯಕದ ಕರಡನ್ನು ಬಾಯಿಗಿಟ್ಟರೆ ಸಾಕು, ನಾಲ್ಕು ತಾಸಿನಲ್ಲಿ ಗೊಂಬೆಗಳೆಲ್ಲ ಆ ಕಾನೂನಿನ ಕೆಳಗೆ ಹದಿನೈದು ವರ್ಷ ಬಾಳಿ ಮುಗಿಸುತ್ತಿದ್ದವು. ಕೊನೆಗೊಂದು ಹಾಳೆ ಹೊರಬರುತ್ತಿತ್ತು. ಎಷ್ಟು ಜನಕ್ಕೆ ಒಳಿತಾಯಿತು, ಎಷ್ಟು ಜನ ನೊಂದರು ಎಂದು ಅದರಲ್ಲಿ ಇರುತ್ತಿತ್ತು. ಎರಡನೆಯದಕ್ಕೆ 'ನೋವಿನ ಅಂಕಿ' ಎಂದು ಹೆಸರು. ಅದನ್ನು ಮುಂದಿಟ್ಟುಕೊಂಡು ಶಾಸಕರ ಪರಿಶೀಲನಾ ಸಮಿತಿ ವಿಧೇಯಕವನ್ನು ಕಲಮು ಕಲಮಾಗಿ ಜಾಲಾಡುತ್ತಿತ್ತು.

ಆ ಸೋಮವಾರ ಸಮಿತಿಯ ಮುಂದಿದ್ದದ್ದು 'ಸಮಶ್ರವಣ ವಿಧೇಯಕ'. ಕಿವಿ ಕೇಳದೆ ಹುಟ್ಟಿದ ಪ್ರತಿ ಮಗುವಿಗೂ ಕಿವಿಯ ಹಿಂದೆ ಅಕ್ಕಿಕಾಳಿನಷ್ಟು 'ಶ್ರವಣಬೀಜ'ವನ್ನು ಸರಕಾರವೇ ಹಾಕಿಸುತ್ತದೆ. ಒಳ್ಳೆಯ ಕಾನೂನೇ, ಅಲ್ಲಗಳೆಯುವಂತಿರಲಿಲ್ಲ. ಅದನ್ನು ತಂದ ಮಂತ್ರಿಗಳ ಮೊಮ್ಮಗಳೇ ಆ ಬೀಜದ ಪುಣ್ಯದಿಂದ ಅಜ್ಜನ ದನಿ ಕೇಳಿದವಳು. ತೊಡಕಿದ್ದದ್ದು ಒಂಬತ್ತನೆಯ ಕಲಮಿನಲ್ಲಿ. ಇನ್ನು ಎಲ್ಲರಿಗೂ ಕೇಳಿಸುವುದರಿಂದ ಕೈಮಾತಿನಲ್ಲಿ ಪಾಠ ಹೇಳುವ ಮೂವತ್ತೊಂದು ಶಾಲೆಗಳು ಅನಗತ್ಯ, ಬರುವ ಜೂನ್‌ಗೆ ಅವನ್ನು ಮುಚ್ಚತಕ್ಕದ್ದು ಎಂದು ಅದು ಹೇಳುತ್ತಿತ್ತು.

ಸಮಿತಿಯ ಅಧ್ಯಕ್ಷೆ ಬಸಲಿಂಗವ್ವ ಹಾದಿಮನಿ ಜೋಯಿಸನ ಹಾಳೆ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಎಪ್ಪತ್ತು ದಾಟಿದ ಹೆಣ್ಣುಮಗಳು, ಐದು ಸಲ ಗೆದ್ದು ಬಂದವರು, ಯಾವುದನ್ನೂ ಒಂದೇ ಸಲಕ್ಕೆ ನಂಬುವವರಲ್ಲ.

“ನೋವಿನ ಅಂಕಿ ಸೊನ್ನಿ ಐತಲ್ರಿ! ಹೋದ ವರ್ಷ ಬಸ್‌ಸ್ಟ್ಯಾಂಡಿಗೆ ನೆರಳು ಮಾಡೋ ಕಾನೂನಿಗೇ ನಾಕು ಸಾವಿರ ಮಂದಿ ನೊಂದಿದ್ರು.”

“ಒಳ್ಳೇ ಕೆಲಸಕ್ಕ ಯಾರು ನೋಯ್ತಾರ ಬಿಡ್ರಿ ಅಧ್ಯಕ್ಷರ,” ಎಂದರು ಒಬ್ಬ ಸದಸ್ಯರು. ಉಳಿದವರು ಮೇಜು ಕುಟ್ಟಿದರು.

'ಸದಸ್ಯರು ಮೇಜು ಕುಟ್ಟಿದರು' ಎಂದು ಕೋಣೆಯ ನಡುವಿನ ಪುಟ್ಟ ಮೇಜಿನಲ್ಲಿ ಕೂತ ಕುಮುದಿನಿ ಬಡಿಗೇರ ಬರೆದುಕೊಂಡಳು. ಅವಳು ಸಮಿತಿಯ ವರದಿಗಾರ್ತಿ. ಪತ್ರಿಕೆಯವಳಲ್ಲ, ಸಭೆಯಲ್ಲಿ ಆಡಿದ ಮಾತನ್ನು ಆಡಿದ ಹಾಗೇ ಬರೆದು ಸಹಿ ಹಾಕುವವಳು. ಯಂತ್ರ ಎಷ್ಟೇ ಬರೆದುಕೊಂಡರೂ ಮನುಷ್ಯರ ಸಹಿ ಬೀಳದೆ ಅದು ದಾಖಲೆಯಾಗುತ್ತಿರಲಿಲ್ಲ. ವರದಿಗಾರರಿಗೆ ಇದ್ದ ದೊಡ್ಡ ನಿಯಮ ಒಂದೇ, ಸಭೆಯಲ್ಲಿ ಬಾಯಿ ಬಿಡಬಾರದು. ಇಪ್ಪತ್ತೆರಡು ವರ್ಷದಲ್ಲಿ ಅವಳು ಯಾವ ಸಭೆಯಲ್ಲೂ ಜೋರಾಗಿ ಸೀನಿದವಳೂ ಅಲ್ಲ.

ಆದರೆ ಆ ಸೊನ್ನೆ ಸುಳ್ಳೆಂದು ಅವಳಿಗೆ ಗೊತ್ತಿತ್ತು. ನೋಯುವ ಇಬ್ಬರು ಅವಳ ಮನೆಯಲ್ಲೇ ಇದ್ದರು. ಗಂಡ ಗುರುಸಿದ್ಧನಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು. ಎಂಟು ವರ್ಷದ ಮಗಳು ಪಾರಿಗೂ ಕೇಳದು. ಬೀಜ ಕೆಲಸ ಮಾಡಲು ಬೇಕಾದ ನರವೇ ಪಾರಿಗೆ ಇಲ್ಲವೆಂದು ಡಾಕ್ಟರು ಎರಡೆರಡು ಸಲ ನೋಡಿ ಹೇಳಿದ್ದರು. ಕೈಮಾತಿನ ಶಾಲೆ ಮುಚ್ಚಿದರೆ ಅವಳು ಬೇರೆ ಶಾಲೆಯ ಬೆಂಚಿನ ಮೇಲೆ ಕೂತು ಟೀಚರ ತುಟಿ ಅಲುಗುವುದನ್ನು ವರ್ಷಗಟ್ಟಲೆ ನೋಡಬೇಕು, ಅಷ್ಟೇ.

ಸಂಜೆ ಅವಳು ಮನೆಗೆ ಬಂದಾಗ ಅಪ್ಪ ಮಗಳ ಜಗಳ ತಾರಕಕ್ಕೇರಿತ್ತು. ಕಿವುಡರ ಮನೆ ಎಂದರೆ ತಣ್ಣಗಿರುತ್ತದೆ ಅಂದುಕೊಂಡವರು ಆ ಮನೆಗೊಮ್ಮೆ ಬರಬೇಕು. ನೆಲ ಗುದ್ದಿ ಕರೆಯುವುದು, ದೀಪ ಆರಿಸಿ ಹಚ್ಚಿ ಬೈಯುವುದು, ಬಾಯಲ್ಲಿ ಅನ್ನವಿದ್ದಾಗಲೂ ಎರಡು ಕೈಯಲ್ಲಿ ಹರಟುವುದು, ಅಬ್ಬಬ್ಬಾ! ಕೈಮಾತಿನಲ್ಲಿ ಬಹುವಚನದ ಮರ್ಯಾದೆಯೂ ಇಲ್ಲ, ಎದುರಿಗಿದ್ದವರ ಕಡೆ ಬೆರಳು ತೋರಿಸಿದರೆ ಮುಗಿಯಿತು. ಹೀಗಾಗಿ ಆ ಮನೆಯಲ್ಲಿ ಗಂಡನಿಗೂ 'ನೀ', ಹೆಂಡತಿಗೂ 'ನೀ'.

ಗುರುಸಿದ್ಧ ಸರಕಾರಿ ಮುದ್ರಣಾಲಯದ ಬೈಂಡಿಂಗ್ ವಿಭಾಗದವನು. ಶಾಸಕರ ಕೈ ಸೇರುವ ಮೊದಲೇ ವಿಧೇಯಕಗಳು ಅವನ ಕೈ ದಾಟಿ ಹೋಗುತ್ತಿದ್ದವು.

“ಒಂಬತ್ತನೇ ಕಲಮು ಓದೀನಿ,” ಎಂದ ಕೈಯಲ್ಲಿ. “ಜೋಯಿಸ ಏನಂದ?”

“ಯಾರೂ ನೋಯೂದಿಲ್ಲ ಅಂದ.”

“ನಾ ಹೇಳಿ ಬಂದೀನಲ್ಲ!”

ಅವನು ಹೇಳಿಬಂದದ್ದು ನಿಜ. ಈ ವಿಧೇಯಕದ ಬಗ್ಗೆ ಜನರ ಅಹವಾಲನ್ನು ಜೋಯಿಸನಿಗೆ ಮುಟ್ಟಿಸಲೆಂದು ನಾಲ್ಕು ತಿಂಗಳ ಹಿಂದೆ ತಾಲೂಕು ಕಚೇರಿಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದರು. ಅರ್ಧ ದಿನ ರಜೆ ಹಾಕಿ ಹೋಗಿ ಸರದಿಯಲ್ಲಿ ನಿಂತಿದ್ದ. ಪೆಟ್ಟಿಗೆಯ ಗಾಜಿನ ಮೇಲೆ 'ತಮ್ಮ ಆಕ್ಷೇಪವಿದ್ದರೆ ಈಗ ಹೇಳಿ' ಎಂದು ಅಕ್ಷರ ಮೂಡಿತು. ಅವನು ಕೈಮಾತಿನಲ್ಲಿ ಹೇಳಿದ. ಶಾಲೆ ಯಾಕೆ ಬೇಕು, ಯಾರಿಗೆ ಬೇಕು, ಒಂದೂ ಬಿಡದೆ ಬೆವರು ಹರಿಯುವ ತನಕ ಹೇಳಿದ. ಆಮೇಲೆ ಗಾಜಿನ ಮೇಲೆ 'ವಂದನೆಗಳು' ಎಂದು ಬಂತು. ಹೇಳಿದ್ದು ಮುಟ್ಟಿತೆಂದು ಖುಷಿಯಾಗಿ ಬರುವಾಗ ಪಾರಿಗೆ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ.

ಕುಮುದಿನಿಗೆ ಈಗ ಹೊಳೆಯಿತು. ಆ ಪೆಟ್ಟಿಗೆಗೆ ಇದ್ದದ್ದು ಕಿವಿ, ಕಣ್ಣಲ್ಲ.

ಮರುದಿನ ಊಟದ ಬಿಡುವಿನಲ್ಲಿ ಅವಳು ನೆಲಮಾಳಿಗೆಗೆ ಇಳಿದಳು. ಅಲ್ಲಿ ಜೋಯಿಸನ ಉಸ್ತುವಾರಿ ನಿಸಾರ್ ಕಿತ್ತೂರನದು. ಯಂತ್ರದ ಬಿಸಿಗೆ ಅಂಗಿಯ ತೋಳು ಮಡಚಿಕೊಂಡು, ಡಬ್ಬಿಯ ಚಪಾತಿ ಅರ್ಧ ತಿಂದು ಕೂತಿದ್ದ. ಒಳಗಿನದನ್ನು ಹೊರಗಿನವರಿಗೆ ತೋರಿಸುವಂತಿಲ್ಲ, ನೋಡಿದವರು ಹೊರಗೆ ಹೇಳುವಂತಿಲ್ಲ, ಹೇಳಿದರೆ ಕೆಲಸಕ್ಕೇ ಸಂಚಕಾರ. ಆದರೂ ಅವಳ ಮುಖ ನೋಡಿ ಅವನಿಗೆ ಇಲ್ಲ ಎನ್ನಲಾಗಲಿಲ್ಲ.

ಗುರುಸಿದ್ಧನ ಗೊಂಬೆ ಪರದೆಯ ಮೇಲೆ ಬಂತು. ವಯಸ್ಸು ಸರಿ, ಕೆಲಸ ಸರಿ, ಮಗಳು ಸರಿ. ಕೆಳಗೆ 'ಪೆಟ್ಟಿಗೆಯ ಮುಂದೆ ಹದಿನಾರು ನಿಮಿಷ ಮೌನ. ಸಮ್ಮತಿ' ಎಂದಿತ್ತು.

“ಮೌನ ಇದ್ರ ಸಮ್ಮತಿ ಅಂತ ಇದಕ್ಕ ಯಾರು ಹೇಳಿಕೊಟ್ರು, ನಿಸಾರ್?”

“ನಾವ್ಯಾರೂ ಹೇಳಿಲ್ರಿ ಅಕ್ಕಾರ. ಮನುಷ್ಯಾರು ಹೆಂಗ ಒಪ್ತಾರ, ಹೆಂಗ ಬ್ಯಾಡ ಅಂತಾರ ಅನ್ನೂದನ್ನ ಇದು ಓದಿ ಕಲಿತೈತಿ. ಓದಿದ್ದು ಸಭಾದ ದಾಖಲಿ. ಎಂಬತ್ತು ವರ್ಷದ್ದು ಹಾಕಿದ್ವಿ.” ಅವನು ಇನ್ನೊಂದು ಪಟ್ಟಿ ತೆರೆದ, ತೆರೆದವನೇ ತುಸು ತಡವರಿಸಿದ. “ಇಲ್ಲಿ ನೋಡ್ರಿ. ಅಧ್ಯಕ್ಷರು 'ಒಪ್ಪಿಗಿ ಐತೇನು' ಅಂತ ಕೇಳ್ಯಾರ, ಯಾರೂ ಮಾತಾಡಿಲ್ಲ, ಕೆಳಗ 'ಎಲ್ಲರೂ ಸಮ್ಮತಿಸಿದರು' ಅಂತ ಬರದಾರ. ನಲವತ್ತೊಂದು ಸಾವಿರ ಸಲ. ಅದಕ್ಕ ಸುಮ್ನಿದ್ದವರೆಲ್ಲ ಒಪ್ಪಿದವರು ಅಂತ ಇದು ತಿಳ್ಕೊಂಡೈತಿ.”

“ಬರದವರು ಯಾರು?”

ನಿಸಾರ್ ಪಟ್ಟಿಯನ್ನು ಮೇಲಕ್ಕೆ ಸರಿಸಿದ. ಅದರಲ್ಲಿ ಆರು ಸಾವಿರದ ಮುನ್ನೂರು ಕಡೆ ಕುಮುದಿನಿಯ ಸಹಿಯೇ ಇತ್ತು.

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಮೌನಂ ಸಮ್ಮತಿ ಲಕ್ಷಣಂ ಎಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ಹಿರಿಯರು ಹೇಳಿಕೊಟ್ಟಿದ್ದರು. ವರದಿಗಾರರ ರೂಢಿಯೇ ಅದು. ಆ ಮೌನಗಳು ಎಂಥವೆಂದು ಅವಳಿಗೆ ಈಗ ಒಂದೊಂದಾಗಿ ನೆನಪಾದವು. ಒಬ್ಬರು ತೂಕಡಿಸುತ್ತಿದ್ದರು, ಇನ್ನೊಬ್ಬರು ಎದ್ದು ಚಹಾಕ್ಕೆ ಹೋಗಿದ್ದರು. ಮಗ ಆಸ್ಪತ್ರೆಯಲ್ಲಿದ್ದ ಒಬ್ಬ ಶಾಸಕರು ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಕಣ್ಣು ತುಂಬಿಕೊಂಡು ಕೂತಿದ್ದರು, ಪ್ರಶ್ನೆ ಅವರ ಕಿವಿಗೇ ಬಿದ್ದಿರಲಿಲ್ಲ. ಎಲ್ಲರದನ್ನೂ ಅವಳು ದುಂಡಗಿನ ಅಕ್ಷರದಲ್ಲಿ ಸಮ್ಮತಿ ಎಂದು ಬರೆದಿದ್ದಳು.

“ಇದನ್ನ ತಿದ್ದಾಕ ಆಗೂದಿಲ್ಲೇನು?”

“ಸಮಿತಿ ಹೇಳಿದ್ರ ಒಂದು ತಾಸಿನ ಕೆಲಸ. ಹೇಳ್ದ ನಾ ಮುಟ್ಟಂಗಿಲ್ಲ. ಅವ್ರಿಗೆ ಗೊತ್ತಾಗಬೇಕಲ್ರಿ ಮೊದಲು?”

ಆ ಸಂಜೆ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು, ನಿಸಾರನ ಹೆಸರೊಂದನ್ನು ಬಿಟ್ಟು. ಹೊರಗೆ ಹೇಳಬಾರದ್ದೆಂದು ಗೊತ್ತಿತ್ತು. ಆದರೆ ಹದಿನಾರು ನಿಮಿಷ ಬೆವರು ಸುರಿಸಿ ಬಂದವನಿಗೆ ಹೇಳದೆ ಹೇಗೆ ಎದುರು ಕೂತು ಉಣ್ಣುವುದು? ಗುರುಸಿದ್ಧ ಅವಳ ಕೈಗಳನ್ನೇ ನೋಡುತ್ತಿದ್ದ. ಪೂರ್ತಿ ನೋಡಿದಮೇಲೆ ಕಣ್ಣು ಮುಚ್ಚಿಕೊಂಡ. ಕೈಮಾತಿನ ಮನೆಯಲ್ಲಿ ಅದಕ್ಕಿಂತ ದೊಡ್ಡ ಜಗಳವಿಲ್ಲ, ಎದುರಿನವರು ಎಷ್ಟು ಹೇಳಿದರೂ ಕತ್ತಲೆಗೆ ಹೇಳಿದ ಹಾಗೆ. ಪಾರಿ ಹೋಗಿ ಅವನ ರೆಪ್ಪೆಗಳನ್ನು ಬೆರಳಿಂದ ಎತ್ತಿ ನೋಡಿದಳು. ಅವನು ನಗಲಿಲ್ಲ.

ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಅವನು ಸಮಿತಿಗೆ ಅರ್ಜಿ ಬರೆದು ಮುಗಿಸಿದ್ದ. ತಾನು ಸಾಕ್ಷಿ ಹೇಳಬೇಕು, ಬರೆದು ಕೊಡುವುದಿಲ್ಲ, ತನ್ನ ಮಾತಿನಲ್ಲೇ ಹೇಳುತ್ತೇನೆ ಎಂದು ಮೂರೇ ಸಾಲು. ಯಾವ ಪ್ರಜೆ ಬೇಕಾದರೂ ಹೀಗೆ ಕೇಳಬಹುದಿತ್ತು, ಕೇಳುವವರು ಮಾತ್ರ ವರ್ಷಕ್ಕೊಬ್ಬರೂ ಇರಲಿಲ್ಲ. ಜೋಯಿಸ ಎಲ್ಲ ಹೇಳುತ್ತಾನಲ್ಲ, ಮತ್ಯಾಕೆ ಮನುಷ್ಯರು? ಬಸಲಿಂಗವ್ವ ಶುಕ್ರವಾರ ಬೆಳಿಗ್ಗೆ ನಡೆಯುವ ಕೊನೆಯ ಬೈಠಕ್ಕಿಗೆ ಅವನನ್ನು ಕರೆದರು. ಸಾಕ್ಷಿ ತನ್ನ ಗಂಡನೆಂದು ಕುಮುದಿನಿ ಮೊದಲೇ ಬರೆದು ತಿಳಿಸಿದಳು. ಆ ದಿನದ ವರದಿಗೆ ಬೇರೆಯವರನ್ನು ಕೂರಿಸಿದರು. ಅವಳು ಹಿಂದಿನ ಬೆಂಚಿನಲ್ಲಿ ಕೂತಳು.

ಕೈಮಾತು ಬಿಡಿಸಿ ಹೇಳಲೆಂದು ಕಚೇರಿಯವರು ಒಂದು ಯಂತ್ರ ತರಿಸಿಟ್ಟಿದ್ದರು. ಅದು ಕಲಿತದ್ದು ಎಲ್ಲೋ ದೂರದ ನಗರದ ಕೈಮಾತು. ಗುರುಸಿದ್ಧ “ನಮಸ್ಕಾರ, ನಾನು ಬೈಂಡರ್” ಎಂದದ್ದನ್ನು ಅದು “ಹಪ್ಪಳಗಳು ಮದುವೆಯಾಗಿವೆ” ಎಂದು ಗಟ್ಟಿಯಾಗಿ ಸಾರಿತು. ಸದಸ್ಯರು ಬಿದ್ದು ಬಿದ್ದು ನಕ್ಕರು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಗುರುಸಿದ್ಧನೂ ಮರ್ಯಾದೆಗೆ ನಕ್ಕ.

“ಅದನ್ನ ಬಂದ್ ಮಾಡ್ರಿ ಮೊದಲು,” ಎಂದು ಬಸಲಿಂಗವ್ವ ಗದರಿದರು. “ಈ ಕೋಣ್ಯಾಗ ಇವರ ಮಾತು ತಿಳಿಯೋರು ಯಾರದೀರಿ?”

ಕುಮುದಿನಿ ಎದ್ದು ನಿಂತಳು. ಕಾರ್ಯದರ್ಶಿಗಳು ಕೂಡಲೇ ಮುಂದೆ ಬಾಗಿದರು. “ವರದಿಗಾರರು ಸಭಾದಾಗ ಬಾಯಿ ಬಿಡಬಾರದು ಅಂತ ನಿಯಮ ಐತ್ರಿ.”

“ಬಿಡಬಾರದು ಸರಿ. ಬರೀಬಾರದು ಅಂತ ಐತೇನು? ಬಾ ತಂಗಿ, ಇಲ್ಲಿ ನನ್ನ ಮಗ್ಗಲಕ ಕೂಡು. ಅವರು ಹೇಳಿದ್ದನ್ನ ನೀ ಬರಿ, ಬರದದ್ದನ್ನ ನಾ ಓದ್ತೀನಿ.”

“ಹೆಂಡತಿ ತನಗ ಬೇಕಾದಂಗ ಬರದ್ರ?” ಎಂದು ಒಬ್ಬ ಸದಸ್ಯರು ಕೇಳಿದರು.

“ಇಪ್ಪತ್ತೆರಡು ವರ್ಷ ನೀವು ಆಡಿದ್ದನ್ನೆಲ್ಲ ಈಕೀನ ಬರದಾಳ. ನಿಮ್ಮ ಬೈಗುಳ ಒಂದರ ತಿದ್ದ್ಯಾಳೇನು?”

ಆಮೇಲೆ ಯಾರೂ ತಕರಾರು ತೆಗೆಯಲಿಲ್ಲ. ಗುರುಸಿದ್ಧನ ಕೈಗಳು ಎದ್ದವು, ಕುಮುದಿನಿಯ ಪೆನ್ನು ಓಡಿತು, ಹಾಳೆ ತುಂಬಿದ ಹಾಗೆ ಬಸಲಿಂಗವ್ವ ತಮ್ಮ ಗೊಗ್ಗರು ದನಿಯಲ್ಲಿ ಓದುತ್ತ ಹೋದರು.

“ನಾ ಹುಟ್ಟಿದ ಮನ್ಯಾಗ ಎಲ್ಲರಿಗೂ ಕಿವಿ ಕೇಳ್ತಿದ್ವು. ಏಳು ವರ್ಷ ತುಂಬೂತನ ನನಗ ಹೆಸರು ಅಂತ ಒಂದೈತಿ ಅನ್ನೂದ ಗೊತ್ತಿರಲಿಲ್ಲ. ಅವ್ವ ದಿನಾ ಮುಂಜಾನೆ ಜ್ವಾಳದ ಅಂಬಲಿ ಕುಡಿಸ್ತಿದ್ಲು. ನನಗ ಅದರ ವಾಸನಿ ಬಂದ್ರ ವಾಕರಿಕಿ. ಬ್ಯಾಡ ಅನ್ನಾಕ ಬರದ ಒಂದೆರಡು ಸಲ ಅವ್ವನ ಕೈ ಕಚ್ಚಿದ್ದೆ, ಬಡಿತ ತಿಂದು ಬಿಟ್ಟೆ. ಆಮ್ಯಾಲೆ ಸುಮ್ನ ಕುಡೀತಿದ್ದೆ. ಏಳು ವರ್ಷಕ್ಕ ಕೈಮಾತಿನ ಸಾಲಿಗೆ ಹಾಕಿದ್ರು. ಅಲ್ಲಿ ಕಲಿತ ಮೊದಲನೇ ಮಾತು 'ಬ್ಯಾಡ'. ಸೂಟಿಗೆ ಮನಿಗೆ ಬಂದಾಗ ಅವ್ವ ಅಂಬಲಿ ತಂದ್ಲು. ನಾ ಬ್ಯಾಡ ಅಂದೆ. ಆಕಿಗೆ ತಿಳೀಲಿಲ್ಲ. ಬಟ್ಟಲ ತೋರಿಸಿ ಮತ್ತ ಬ್ಯಾಡ ಅಂದೆ. ತಿಳಿದ ಮ್ಯಾಲೆ ಅವ್ವ ಬಟ್ಟಲ ಕೆಳಗಿಟ್ಟು ಅಳಾಕ ಹತ್ತಿದ್ಲು. ಸುಮ್ನ ಕುಡೀತಾನ, ಮಗನಿಗೆ ಸೇರತೈತಿ ಅಂತ ಆಕಿ ಇಷ್ಟ ವರ್ಷ ತಿಳ್ಕೊಂಡಿದ್ಲು. ಆಕಿ ಕೆಟ್ಟಾಕಿ ಅಲ್ರಿ. ನೀವೂ ಕೆಟ್ಟವರಲ್ಲ.”

ಬಸಲಿಂಗವ್ವ ಒಂದು ಗುಟುಕು ನೀರು ಕುಡಿದು ಮುಂದೆ ಓದಿದರು.

“ಬೀಜ ಕೂಡೋ ಮಕ್ಕಳಿಗೆ ಕೂಡಸ್ರಿ, ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡ್ತೀನಿ. ನನ್ನ ಮಗಳಿಗೆ ಅದು ಕೂಡೂದಿಲ್ಲ. ಆಕಿಗೆ ಮಾತಾಡಾಕ ಗೆಳತ್ಯಾರು ಬೇಕು, ಜಗಳಾಡಾಕ ಬೇಕು, ತಿಳಿಯೂವಂಗ ಲೆಕ್ಕ ಹೇಳಿಕೊಡೋ ಟೀಚರು ಬೇಕು. ಅಷ್ಟೂ ಆ ಸಾಲ್ಯಾಗ ಅದಾವ, ಮತ್ತೆಲ್ಲೂ ಇಲ್ಲ.”

ಇಲ್ಲಿಗೆ ಮುಗಿಯಿತು ಎಂದುಕೊಂಡು ಕುಮುದಿನಿ ಪೆನ್ನು ಎತ್ತಿದ್ದಳು. ಆದರೆ ಗುರುಸಿದ್ಧ ಅವಳ ಕಡೆಗೊಮ್ಮೆ ನೋಡಿ ಮತ್ತೆ ಕೈ ಎತ್ತಿದ. ಮೂರು ದಿನದ ಸಿಟ್ಟು ಬೆರಳ ತುದಿಗೆ ಬಂದಿತ್ತು.

“ಆ ಸೊನ್ನಿ ಜೋಯಿಸಂದಲ್ಲ. ಸುಮ್ನಿದ್ದವರೆಲ್ಲ ಒಪ್ಪ್ಯಾರ ಅಂತ ಇಪ್ಪತ್ತೆರಡು ವರ್ಷ ಬರದು ಸಹಿ ಹಾಕಿದಾಕಿ ನನ್ನ ಹೆಂಡತಿ. ಜೋಯಿಸ ಅದನ್ನ ಓದಿ ಕಲಿತಾನ. ಮೊನ್ನೆ ಮನಿಗೆ ಬಂದು ಆಕೀನ ಹೇಳಿದ್ಲು.”

ಕುಮುದಿನಿಯ ಕೈ ನಿಂತಿತು. ಆ ಕೋಣೆಯಲ್ಲಿ ಈ ಬೆರಳುಗಳನ್ನು ಓದಬಲ್ಲ ಇನ್ನೊಂದು ಜೀವವಿರಲಿಲ್ಲ. ಬಿಟ್ಟರೆ ಯಾರಿಗೆ ತಿಳಿಯುತ್ತಿತ್ತು? ಸಾಕ್ಷ್ಯ ಆಗಲೇ ಚೆನ್ನಾಗಿ ಮುಗಿದಿತ್ತು, ಸದಸ್ಯರ ಮುಖ ಮೆತ್ತಗಾಗಿತ್ತು. ಬರೆದರೆ ನೆಲಮಾಳಿಗೆಯ ವಿಷಯ ಮನೆಗೊಯ್ದವಳು ಎಂಬ ಅಪರಾಧ ತನ್ನ ಕೈಯಾರೆ ದಾಖಲೆಯಾಗುತ್ತದೆ. ತಾನು ಪ್ರಾಣದಂತೆ ಕಾಪಾಡಿಕೊಂಡು ಬಂದ ಸಹಿಯ ಮೇಲೆ ಮಸಿ ಬೀಳುತ್ತದೆ. ಎದುರಿಗೆ ಗುರುಸಿದ್ಧ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿ ಮುಗಿಸಿದವನ ಹಾಗೆ ಕೂತಿದ್ದ.

ಅವಳು ಬರೆದಳು. ಒಂದಕ್ಷರವನ್ನೂ ಬಿಡಲಿಲ್ಲ, ಒಂದನ್ನೂ ಮೆತ್ತಗೆ ಮಾಡಲಿಲ್ಲ.

ಬಸಲಿಂಗವ್ವ ಓದುತ್ತ ಓದುತ್ತ ನಡುವೆ ತಡೆದರು. ಪಕ್ಕಕ್ಕೆ ತಿರುಗಿ ಅವಳನ್ನು ನೋಡಿದರು, ಮತ್ತೆ ಹಾಳೆ ಹಿಡಿದು ಉಳಿದದ್ದನ್ನೂ ಗಟ್ಟಿಯಾಗಿಯೇ ಓದಿದರು. ಕೋಣೆಯ ಕಣ್ಣೆಲ್ಲ ಕುಮುದಿನಿಯ ಮೇಲೆ ಬಿದ್ದವು. ಏನು ಓದಿದರೆಂದು ಕೇಳಿಸದ ಗುರುಸಿದ್ಧ ಮಾತ್ರ ಇದೇನಿದು ಎಂದು ಎಲ್ಲರ ಮುಖ ನೋಡುತ್ತಿದ್ದ.

“ಆ ಕಡೀ ಮಾತು ದಾಖಲಿಗೆ ಬ್ಯಾಡ್ರಿ ಅಧ್ಯಕ್ಷರ, ತಗಸೂಣು,” ಎಂದರು ಕಾರ್ಯದರ್ಶಿಗಳು.

“ಅದ ಒಂದ ಮಾತು ಇಲ್ಲಿ ಬೇಕಾದದ್ದು. ಇರಲಿ.” ಮುದುಕಿ ಕುಮುದಿನಿಯ ಕಡೆ ಬಾಗಿದರು. “ಖರೇನೇನವ್ವಾ?”

ಅವಳು ತಲೆ ಅಲ್ಲಾಡಿಸಿದಳು.

“ತಲಿ ಅಲ್ಲಾಡಿಸಿದ್ದನ್ನ ನಾನು ಏನಂತ ಓದಲಿ? ಬರಿ.”

'ಹೌದು' ಎಂದು ಬರೆದು ಅವಳು ಕೆಳಗೆ ಸಹಿ ಹಾಕಿದಳು.

ನಿಸಾರನಿಗೆ ಆಗಲೇ ಆದೇಶ ಹೋಯಿತು. ಮೌನವನ್ನು ಸಮ್ಮತಿಯೆಂದು ಎಣಿಸಬೇಡ, ಬರೀ ಮೌನವೆಂದು ಎಣಿಸು ಎಂದು. ಒಂದು ತಾಸು ತಿದ್ದುವುದಕ್ಕೆ, ನಾಲ್ಕು ತಾಸು ಗೊಂಬೆಗಳು ಬಾಳುವುದಕ್ಕೆ. ಇಳಿಹೊತ್ತಿಗೆ ಹಾಳೆ ಬಂತು. ನೋವಿನ ಅಂಕಿಯ ಜಾಗದಲ್ಲಿ ಅಂಕಿಯೇ ಇರಲಿಲ್ಲ. 'ಒಂದು ಲಕ್ಷದ ಎಂಬತ್ತನಾಲ್ಕು ಸಾವಿರ ಜನರ ಮನಸ್ಸು ನನಗೆ ಗೊತ್ತಿಲ್ಲ. ಅವರನ್ನು ಕೇಳಬೇಕು' ಎಂದಿತ್ತು. ಬೈಠಕ್ಕಿಗೆ ಬಂದು ಕೂತಿದ್ದ ಮಂತ್ರಿಗಳು ಅದನ್ನು ಬಹಳ ಹೊತ್ತು ನೋಡಿ, “ಒಂಬತ್ತನೇ ಕಲಮು ನಾನ ವಾಪಸ್ ತಗೋತೀನ್ರಿ,” ಎಂದರು. ಬಸಲಿಂಗವ್ವ ಸದಸ್ಯರ ಹೆಸರು ಹಿಡಿದು ಒಬ್ಬೊಬ್ಬರನ್ನಾಗಿ ಕೇಳಿ, ಒಬ್ಬೊಬ್ಬರ ಬಾಯಿಂದಲೂ ಉತ್ತರ ಹೇಳಿಸಿದಮೇಲೆಯೇ ಕಲಮನ್ನು ಹೊಡೆದುಹಾಕಿದರು. ಪಾರಿಯ ಶಾಲೆ ಉಳಿಯಿತು, ಉಳಿದ ಮೂವತ್ತೂ ಉಳಿದವು.

ಹೊರಡುವ ಮುಂಚೆ ಕುಮುದಿನಿಯ ಕೈಗೆ ಒಂದು ಲಕೋಟೆ ಬಂತು. ವಿಚಾರಣೆ ಮುಗಿಯುವವರೆಗೆ ಅವಳು ಸಭೆಯ ಮೇಜಿಗೆ ಬರತಕ್ಕದ್ದಲ್ಲ. ಕೊಟ್ಟ ಬಸಲಿಂಗವ್ವನವರೇ ಅವಳ ಬೆನ್ನು ಸವರಿ, “ನಿಯಮ ನಿಯಮನ ಐತಿ ತಂಗಿ. ವಿಚಾರಣಿಗೆ ನಾನೂ ಬಂದು ಸಾಕ್ಷಿ ಹೇಳ್ತೀನಿ,” ಎಂದರು.

ಮನೆಯಲ್ಲಿ ಗುರುಸಿದ್ಧ ಅವಲಕ್ಕಿ ಒಗ್ಗರಣೆ ಹಾಕಿ ಕಾಯುತ್ತಿದ್ದ. ಸುದ್ದಿ ಅವನಿಗೆ ಮುದ್ರಣಾಲಯದಲ್ಲೇ ಸಿಕ್ಕಿತ್ತು. ಪಾರಿ ಮಂಚದ ಮೇಲೆ ಹತ್ತಿ ಕುಣಿಯುತ್ತಿದ್ದಳು. ಅವನು ಮೊದಲು ನಕ್ಕ, ಆಮೇಲೆ ಲಕೋಟೆ ಕಂಡ, ತೆಗೆದು ಓದಿದ. ಮುಖ ಸಣ್ಣದಾಯಿತು.

“ಕಡೀಕ ನಾ ಅಂದದ್ದನ್ನೂ ಬರದಿಯೇನು?”

“ಬರದೆ.”

“ಸಿಟ್ಟಿನ್ಯಾಗ ಅಂದದ್ದು ಅದು. ನೀ ಬಿಡ್ತಿ ಅಂದ್ಕೊಂಡಿದ್ದೆ. ನಿನಗ ಬೈದಂಗ ಆತು, ನೀ ಬರಿಯೂದಿಲ್ಲ, ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಬಿಡಬೇಕಿತ್ತಲ್ಲ ಹುಚ್ಚಿ, ಯಾರಿಗೆ ತಿಳೀತಿತ್ತು?”

“ನಿನ್ನ ಮಾತು ಅದು,” ಎಂದಳು ಕುಮುದಿನಿ. “ಅದರಾಗ ಇದು ಇರಲಿ, ಇದು ಬ್ಯಾಡ ಅನ್ನಾಕ ನಾ ಯಾರು?”

ಇನ್ನೂ ಏನೋ ಹೇಳಲೆಂದು ಅವಳು ಕೈ ಎತ್ತಿದಳು. ಗುರುಸಿದ್ಧ ಆ ಎರಡೂ ಕೈಗಳನ್ನು ಬೈಂಡಿಂಗಿನ ಅಂಟಿನ ಕಲೆಗಳಿದ್ದ ತನ್ನ ಕೈಗಳಲ್ಲಿ ಹಿಡಿದುಕೊಂಡುಬಿಟ್ಟ. ಕೈಮಾತಿನವರಲ್ಲಿ ಇನ್ನೊಬ್ಬರ ಕೈ ಹಿಡಿಯುವುದೆಂದರೆ ಬಾಯಿ ಮುಚ್ಚಿದ ಹಾಗೆ, ಹಾಗೆ ಯಾರೂ ಮಾಡುವುದಿಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಅವನೂ ಮಾಡಿದವನಲ್ಲ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕುಮುದಿನಿ ಬಿಡಿಸಿಕೊಳ್ಳಲಿಲ್ಲ.